ಮರುವಾಯಿಯ ಕಾರ್ಡು

ಕಳೆದ ವಾರ, ನಾನು ಪಾಠ ಮಾಡುವ ಕಾರ್ಕಳದ ಕಾಲೇಜಿನಲ್ಲಿ ವಿಭಾಗದ ಹಳೆಯ ಕಪಾಟು ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಒಡೆದ ಸ್ಲೈಡುಗಳು, ಯಾರೋ ಮರೆತುಹೋದ ಕೊಡೆ, ಹೆಸರಿಲ್ಲದ ರೆಕಾರ್ಡ್ ಪುಸ್ತಕಗಳು... ಎಲ್ಲದರ ಅಡಿಯಲ್ಲಿ, ಕೆಲಸಕ್ಕೆ ಸೇರಿದಾಗ ತಂದಿಟ್ಟಿದ್ದ ನನ್ನದೇ ಎಂ.ಎಸ್ಸಿ. ಪ್ರಾಜೆಕ್ಟಿನ ಫೈಲು ಇತ್ತು. ಬಿಡಿಸಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಪುಟಗಳ ನಡುವಿನಿಂದ ಒಂದು ಕಾರ್ಡು ಜಾರಿ ನೆಲಕ್ಕೆ ಬಿತ್ತು. ದಪ್ಪ ಕಾಗದದ, ಕೆಳಗಡೆ ನಡುವಿನಲ್ಲಿ ದುಂಡಗಿನ ತೂತು ಇರುವ, ಲೈಬ್ರರಿಯ ಹಳೆಯ ಕ್ಯಾಟಲಾಗ್ ಕಾರ್ಡು. ಒಂದು ಬದಿಯಲ್ಲಿ ಟೈಪ್ ಮಾಡಿದ ಯಾವುದೋ ಪುಸ್ತಕದ ಹೆಸರು. ಇನ್ನೊಂದು ಬದಿಯಲ್ಲಿ ನೀಲಿ ಶಾಯಿಯ ದುಂಡಗಿನ ಅಕ್ಷರಗಳು. ಮೊದಲ ಸಾಲಿನಲ್ಲಿ ‘ಮರುವಾಯಿ’ ಎಂದಿತ್ತು. ಒಂದು ಮೂಲೆಯಲ್ಲಿ ನೀರು ಬಿದ್ದು ಶಾಯಿ ಹರಡಿತ್ತು. ಅದು ಹೊಳೆಯ ಉಪ್ಪುನೀರು ಎಂದು ನನಗೆ ಗೊತ್ತು.

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಬಿ.ಪಿ. ಇಳಿಯಿತೇನೋ ಎಂದು ಜೊತೆಯವರು ನೀರು ತಂದುಕೊಟ್ಟರು. ಕುಡಿದೆ. ಏನಾಯಿತೆಂದು ಹೇಳಲು ಹೋಗಲಿಲ್ಲ, ಹೇಳಿದ್ದರೆ ಅಂದಿನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಆ ಅಕ್ಷರ ನಮ್ಮ ಲೈಬ್ರರಿ ಮೇಡಂ ಅವರದ್ದು. ಉಡುಪಿಯಲ್ಲಿ ನಾನು ಓದಿದ ಕಾಲೇಜಿನ ಲೈಬ್ರರಿಯನ್. ಎಲ್ಲೂರಿನ ಕಡೆಯ ಅರ್ಚಕರ ಮನೆಯ ಮಗಳು. ಗಂಜಿ ಹಾಕಿದ ಕಾಟನ್ ಸೀರೆ, ತಲೆಗೆ ಒಂದು ತುಂಡು ಮಲ್ಲಿಗೆ, ಕುತ್ತಿಗೆಯಿಂದ ದಾರದಲ್ಲಿ ನೇತಾಡುವ ಕನ್ನಡಕ. ಅವರು ಸ್ವರ ಎತ್ತಿದ್ದನ್ನು ನಾನು ಕೇಳಿದ್ದಿಲ್ಲ. ಲೈಬ್ರರಿಯಲ್ಲಿ ಯಾರಾದರೂ ಮಾತನಾಡಿದರೆ ಅವರ ಮೇಜಿನ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಬೈಸಿಕೊಳ್ಳುವುದು ಅದಕ್ಕಿಂತ ಎಷ್ಟೋ ಸುಲಭವಿತ್ತು.

ಲೈಬ್ರರಿಯ ಪುಸ್ತಕಪಟ್ಟಿ ಆಗಷ್ಟೇ ಕಂಪ್ಯೂಟರಿಗೆ ಏರಿತ್ತು. ಹಾಗಾಗಿ ಮರದ ಡ್ರಾಯರುಗಳಲ್ಲಿದ್ದ ಸಾವಿರಾರು ಕಾರ್ಡುಗಳು ಕೆಲಸವಿಲ್ಲದೆ ಕುಳಿತಿದ್ದವು. ರದ್ದಿಗೆ ಕೊಡುವ ಮಾತು ಬಂದಾಗ ಮೇಡಂ ಬಿಡಲಿಲ್ಲ. ಅವುಗಳಿಗೆ ಹೊಸ ಕೆಲಸ ಹುಡುಕಿದರು. ಮೂಲೆಯಲ್ಲಿದ್ದ ನಾಲ್ಕು ಕಂಪ್ಯೂಟರುಗಳ ಎದುರು ಕುಳಿತು ಸಂಶೋಧನಾ ಲೇಖನಗಳನ್ನು ಹುಡುಕಬೇಕಾದವರು ಮೊದಲು ಒಂದು ಕಾರ್ಡು ತೆಗೆದುಕೊಳ್ಳಬೇಕು. ಅದರ ಹಿಂಬದಿಯಲ್ಲಿ, ತಾನು ಹುಡುಕುವ ವಸ್ತುವಿಗೆ ಎಷ್ಟು ಹೆಸರುಗಳಿವೆಯೋ ಅಷ್ಟನ್ನೂ ಬರೆಯಬೇಕು. ಮನೆಯಲ್ಲಿ ಕರೆಯುವ ಹೆಸರು, ಪುಸ್ತಕದಲ್ಲಿರುವ ಹೆಸರು, ಪಕ್ಕದ ಊರಿನವರು ಕರೆಯುವ ಹೆಸರು. ಕಡಿಮೆಯೆಂದರೆ ಐದು. ಐದಾಗದೆ ಕೀಬೋರ್ಡ್ ಮುಟ್ಟುವ ಹಾಗಿಲ್ಲ.

ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಎರಡು ಸೆಕೆಂಡಿನಲ್ಲಿ ಉತ್ತರ ಕೊಡುವ ಸರ್ಚ್ ಎಂಜಿನ್ ಎದುರಿಗಿರುವಾಗ ಇವರದ್ದು ಎಂತ ಕಾಲದ ಕ್ರಮ ಎಂದು. ಎಲ್ಲರಿಗಿಂತ ಜಾಸ್ತಿ ನಕ್ಕವಳು ನಾನೇ. ಆಗ ನನಗೆ ನಾಲಿಗೆ ಸ್ವಲ್ಪ ಉದ್ದವೇ ಇತ್ತು. ಈಗಲೂ ಉಂಟು ಎನ್ನುತ್ತಾರೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಗೈಡ್ ಸರ್ ಎಲ್ಲರಿಗೂ ಕೆರೆನೀರಿನ ಸೂಕ್ಷ್ಮಜೀವಿಗಳನ್ನು ಎಣಿಸುವ ಕೆಲಸ ಕೊಡುತ್ತಿದ್ದರು. ನನಗೆ ಮರುವಾಯಿ ಬೇಕಿತ್ತು. ಮರುವಾಯಿ ಎಂದರೆ ನಮ್ಮ ಹೊಳೆಗಳ ಮರಳಿನಲ್ಲಿ ಸಿಗುವ ಚಿಪ್ಪಿನ ಜೀವಿ. ಕಾಪುವಿನಿಂದ ಉತ್ತರಕ್ಕೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ, ನನ್ನ ಅಮ್ಮ ಮದುವೆಯಾಗಿ ಬಂದಂದಿನಿಂದ ಮರುವಾಯಿ ಹೆಕ್ಕುತ್ತಿದ್ದಳು. ನೀರು ಇಳಿದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು, ಕಾಲಿನಿಂದ ಮರಳು ತಡಕಿ ಹೆಕ್ಕಬೇಕು. ಒಂದೆರಡು ವರ್ಷದಿಂದ ಮರುವಾಯಿ ಸಣ್ಣದಾಗುತ್ತಿದೆ, ಇದ್ದ ಜಾಗದಲ್ಲಿ ಈಗ ಇಲ್ಲ ಎಂದು ಅವಳು ಹೇಳುತ್ತಿದ್ದಳು. ಅದನ್ನು ಕೇಳುವವರು ಯಾರೂ ಇರಲಿಲ್ಲ. ಅಮ್ಮ ಹೇಳುವುದು ಸರಿ ಎಂದು ಒಂದು ಪುಸ್ತಕದಲ್ಲಿ ಅಚ್ಚಾಗಬೇಕು ಎಂಬುದು ನನ್ನ ಹಟವಾಗಿತ್ತು. ಆದರೆ ಅದೇ ನಾನು ಕಾಲೇಜಿನಲ್ಲಿ ಯಾರಾದರೂ ಕೇಳಿದರೆ, ಮನೆಯಲ್ಲಿ ಮೀನಿನ ಬಿಸಿನೆಸ್ ಎನ್ನುತ್ತಿದ್ದೆ. ನೀರಿಗಿಳಿಯುವ ಅಮ್ಮನ ವಿಷಯ ಬಾಯಿಗೆ ಬರುತ್ತಿರಲಿಲ್ಲ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ನಿಜ.

ಒಂದು ದಿನ ಮೇಡಂ ಊಟಕ್ಕೆ ಎದ್ದ ಹೊತ್ತು ನೋಡಿ, ಕಾರ್ಡು ಗೀರ್ಡು ಏನೂ ಇಲ್ಲದೆ ಕಂಪ್ಯೂಟರಿನ ಎದುರು ಕುಳಿತೆ. ಇಂಗ್ಲಿಷ್ ಅಕ್ಷರಗಳಲ್ಲಿ ಮರುವಾಯಿ ಎಂದು ಒತ್ತಿದೆ. ಒಂದೇ ಒಂದು ಲೇಖನವೂ ಇಲ್ಲ. ಸೊನ್ನೆ. ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ, ಕುಣಿಯುವಷ್ಟು ಸಂತೋಷವಾಯಿತು. ಪ್ರಾಜೆಕ್ಟಿನ ಪ್ರಸ್ತಾವನೆಯ ಮೊದಲ ಸಾಲಿನಲ್ಲೇ, ಈ ವಿಷಯದಲ್ಲಿ ಪ್ರಪಂಚದಲ್ಲಿ ಎಲ್ಲಿಯೂ ಈವರೆಗೆ ಸಂಶೋಧನೆ ನಡೆದಿಲ್ಲ ಎಂದು ಠೀವಿಯಿಂದ ಬರೆದು ಗುರುವಾರ ಸರ್ ಮೇಜಿನ ಮೇಲಿಟ್ಟೆ.

ಸರ್ ಆ ಸಾಲಿನಿಂದ ಮುಂದೆ ಹೋಗಲಿಲ್ಲ. ಯಾರೂ ಏನೂ ಬರೆದಿಲ್ಲವಾದರೆ ಯಾವುದರ ಮೇಲೆ ನಿಂತು ಕೆಲಸ ಶುರುಮಾಡುತ್ತೀ ಎಂದು ಕೇಳಿದರು. ಸೋಮವಾರ ಮಧ್ಯಾಹ್ನದೊಳಗೆ ಹತ್ತು ಲೇಖನ ತಂದು ತೋರಿಸಿದರೆ ಮರುವಾಯಿ, ಇಲ್ಲವಾದರೆ ಎಲ್ಲರ ಹಾಗೆ ಕೆರೆನೀರು ಎಂದರು. ಕೆಟ್ಟವರಲ್ಲ ಅವರು. ಆದರೆ ಆ ದಿನ ನಾನು ಅವರನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಲೆಕ್ಕವಿಲ್ಲ.

ಶುಕ್ರವಾರ ಬೆಳಿಗ್ಗೆ ಮುಖ ಇಳಿಸಿಕೊಂಡು ಮೇಡಂ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ನನ್ನ ಪ್ರಸ್ತಾವನೆಯ ಮೊದಲ ಸಾಲು ಓದಿದರು. ಎಷ್ಟು ಹೊತ್ತು ಹುಡುಕಿದೆ ಎಂದು ಕೇಳಿದರು. ಹತ್ತು ನಿಮಿಷ ಎಂದೆ. ಸುಳ್ಳು, ಐದೂ ಆಗಿರಲಿಲ್ಲ. ಎಷ್ಟು ಹೆಸರಿನಿಂದ ಹುಡುಕಿದೆ ಎಂದರು. ಒಂದು ಬೆರಳು ಎತ್ತಿ ತೋರಿಸಿದೆ. ಅವರು ಒಂದು ಕಾರ್ಡು ತೆಗೆದು ಮುಂದಿಟ್ಟರು.

ಮರುವಾಯಿ ಎಂದು ಅವರೇ ಬರೆದರು. ಇಂಗ್ಲಿಷಿನ ‘ಕ್ಲ್ಯಾಮ್’ ಎಂಬುದನ್ನು ನಾನು ಹೇಳಿದೆ. ಅದನ್ನು ಒತ್ತಿದರೆ ಪ್ರಪಂಚದ ಎಲ್ಲ ಕಡಲುಗಳೂ ಒಟ್ಟಿಗೆ ಬಂದು ಬಿದ್ದವು. ಒಂದು ಶಬ್ದಕ್ಕೆ ಏನೂ ಇಲ್ಲ, ಇನ್ನೊಂದಕ್ಕೆ ಓದಿ ಮುಗಿಯದಷ್ಟು. ಮೂರನೆಯ ಹೆಸರು ನನಗೆ ಗೊತ್ತಿರಲಿಲ್ಲ. ಮೇಡಂ ಅವರಿಗೂ ಗೊತ್ತಿಲ್ಲ. ಮೊಟ್ಟೆಯೂ ಒಳಗೆ ಬಾರದ ಮನೆಯವರು, ಮರುವಾಯಿಯ ಹೆಸರು ಕೇಳಿದ್ದರೇ ಹೊರತು ಹತ್ತಿರದಿಂದ ಕಂಡವರಲ್ಲ. ಇದರ ಬಗ್ಗೆ ಚೆನ್ನಾಗಿ ಗೊತ್ತಿದ್ದವರು ಯಾರೂ ಇಲ್ಲವಾ ಎಂದು ಕೇಳಿದರು. ನಾನು ಅತ್ತಿತ್ತ ನೋಡಿ, ಯಾರೂ ಹತ್ತಿರವಿಲ್ಲವೆಂದು ಖಾತ್ರಿ ಮಾಡಿಕೊಂಡು, ಸಣ್ಣ ಸ್ವರದಲ್ಲಿ ಅಮ್ಮನ ವಿಷಯ ಹೇಳಿದೆ.

ಮೇಡಂ ಕನ್ನಡಕ ಇಳಿಸಿದರು. “ಅಲ್ಲ ಮಾರಾಯ್ತಿ, ಮನೆಯಲ್ಲಿ ಅಷ್ಟು ದೊಡ್ಡ ಲೈಬ್ರರಿ ಇಟ್ಟುಕೊಂಡು ನೀನು ಇಲ್ಲಿ ಎಂತ ಹುಡುಕುವುದು?”

ನಂತರ, ಭಾನುವಾರ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ಮೇಡಂ ಕಾಪುವಿನಲ್ಲಿ ಬಸ್ಸಿಳಿದರು. ಕೈಯಲ್ಲಿ ಕೊಡೆ, ಹೆಗಲ ಚೀಲದಲ್ಲಿ ಒಂದು ಕಟ್ಟು ಕಾರ್ಡು. ಅಲ್ಲಿಂದ ರಿಕ್ಷಾದಲ್ಲಿ ಹೊಳೆಯ ಬದಿಗೆ ಬಂದೆವು. ಒಣಮೀನಿನ ವಾಸನೆಗೆ ಅವರು ಸೆರಗನ್ನು ಮೂಗಿನ ತನಕ ತಂದರು. ನಾನು ನೋಡಿದ್ದು ಕಂಡು ಕೆಳಗೆ ಬಿಟ್ಟರು. ಅಮ್ಮನಿಗಂತೂ ಹಿಂದಿನ ರಾತ್ರಿಯಿಂದಲೇ ಕೈಕಾಲು ಆಡುತ್ತಿರಲಿಲ್ಲ. ಎಲ್ಲೂರಿನ ಅರ್ಚಕರ ಮನೆಯವರು, ಅದರಲ್ಲೂ ಟೀಚರು, ನಮ್ಮಲ್ಲಿ ಎಂತ ಕುಡಿದಾರು, ಎಲ್ಲಿ ಕುಳಿತಾರು ಎಂಬ ಚಿಂತೆ. ಕೊನೆಗೆ ನೆರೆಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ದಂಡೆಯಲ್ಲಿಟ್ಟು, ತೆಂಗಿನ ಮರದಿಂದ ಎರಡು ಬೊಂಡ ಕೀಳಿಸಿ ಇಟ್ಟಿದ್ದಳು.

ಮೇಡಂ ಕುರ್ಚಿಯಲ್ಲಿ ಕುಳಿತದ್ದು ಐದು ನಿಮಿಷ. ಇಬ್ಬರ ಮಾತೂ ತುಳುವೇ, ಆದರೆ ಅವರ ತುಳು ಬೇರೆ, ನಮ್ಮದು ಬೇರೆ. ಮೊದಮೊದಲು ಅಮ್ಮ ತಲೆಯಲ್ಲಾಡಿಸಿ ಹೂಂ ಎಂದಷ್ಟೇ ಹೇಳುತ್ತಿದ್ದಳು. ತಾನು ನೀರಿಗಿಳಿದ ಮೇಲೆ ಅವಳು ಬಾಯಿ ಬಿಟ್ಟಳು. ಕುಂದಾಪುರದ ಕಡೆಯವರು ಇದಕ್ಕೆ ಮಳಿ ಎನ್ನುತ್ತಾರೆ, ಕೊಂಕಣಿಯವರು ಕುಬೆ ಎನ್ನುತ್ತಾರೆ, ಕೇರಳದಿಂದ ಲಾರಿಯಲ್ಲಿ ಬರುವವರು ಕಕ್ಕ ಎನ್ನುತ್ತಾರೆ. ಬಿಳಿ ಚಿಪ್ಪಿನದ್ದು ಮರಳಿನಲ್ಲಿ, ಕಪ್ಪು ಚಿಪ್ಪಿನದ್ದು ಹೂಳಿನಲ್ಲಿ. ದೊಡ್ಡ ಮಳೆಗೆ ಹೊಳೆ ಸಿಹಿಯಾದಾಗ ಯಾವುದು ಸಾಯುತ್ತದೆ, ಯಾವುದು ಉಳಿಯುತ್ತದೆ... ಕಾರ್ಡಿನ ಐದು ಸಾಲುಗಳು ಯಾವಾಗ ತುಂಬಿದವೋ ಗೊತ್ತೇ ಆಗಲಿಲ್ಲ. ನಾನು ಪಕ್ಕದಲ್ಲಿ ಬೆಪ್ಪಾಗಿ ನಿಂತಿದ್ದೆ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದು ಇದರಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ.

ಆಮೇಲೆ ಮೇಡಂ ಒಂದು ವಿಷಯ ಕೇಳಿದರು. ಇಷ್ಟು ದೊಡ್ಡ ಹೊಳೆಯಲ್ಲಿ, ಕಣ್ಣಿಗೆ ಕಾಣದ ವಸ್ತುವನ್ನು ಹುಡುಕುವುದು ಹೇಗೆ?

“ಒಂದು ಸಿಕ್ಕಿದ ಕಡೆ ಕಾಲು ಎತ್ತಬಾರದು ಟೀಚರೇ,” ಎಂದಳು ಅಮ್ಮ. “ಅಲ್ಲೇ ಸುತ್ತ ತಡಕಬೇಕು. ಅದು ಒಂದೇ ಒಂದು ಇರುವುದಿಲ್ಲ.”

ಮೇಡಂ ಅದನ್ನು ಇನ್ನೊಮ್ಮೆ ಹೇಳಿಸಿ ಕಾರ್ಡಿನ ಕೊನೆಯ ಸಾಲಿನಲ್ಲಿ ಬರೆದುಕೊಂಡರು. ಬರೆದವರು ಕಾರ್ಡನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಚ್ಚಿ, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದರು. ಮೊಣಕಾಲಿನ ತನಕ. ಅಮ್ಮ ಗಾಬರಿಯಾಗಿ ಅವರ ರಟ್ಟೆ ಹಿಡಿದಳು. ಸ್ವಲ್ಪ ಹೊತ್ತಿನಲ್ಲಿ ಮೇಡಂ ಬಾಗಿ, ನೀರಿನಿಂದ ಒಂದು ಮರುವಾಯಿ ಎತ್ತಿ, ಇದಾ ಎಂದು ಕೇಳಿದರು. ಅದು ಅವರ ಅಂಗೈಯಲ್ಲಿ ಬಾಯಿ ಬಿಗಿಮಾಡಿಕೊಂಡಿತ್ತು. ಜೀವ ಉಂಟಲ್ಲ, ಪಾಪ, ವಾಪಸ್ ಬಿಡ್ತೇನೆ ಎಂದು ಬಿಟ್ಟರು. ಅಮ್ಮ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಕಾರ್ಡಿನ ಮೂಲೆಗೆ ನೀರು ಬಿದ್ದದ್ದು ಆಗಲೇ.

ಬೊಂಡ ಕುಡಿದು, ದಂಡೆಯಲ್ಲಿ ಬಿದ್ದಿದ್ದ ಖಾಲಿ ಚಿಪ್ಪು ನಾಲ್ಕನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮೇಡಂ ಬಸ್ಸು ಹತ್ತಿದರು. “ಮನೆಗೆ ಹೋದ ಮೇಲೆ ತಲೆಗೆ ಸ್ನಾನ ಮಾಡಿದೆ, ಯಾಕೆಂದು ಮನೆಯವರಿಗೆ ಹೇಳಲಿಲ್ಲ, ನೀನೂ ಹೇಳಬೇಡ,” ಎಂದು ಮರುದಿನ ನನ್ನ ಕಿವಿಯಲ್ಲಿ ಹೇಳಿದರು. ಇಷ್ಟು ವರ್ಷ ನಾನು ಯಾರಿಗೂ ಹೇಳಿರಲಿಲ್ಲ.

ಸೋಮವಾರ ಲೈಬ್ರರಿಯ ಬಾಗಿಲು ತೆರೆಯುವ ಮೊದಲೇ ನಾನು ಹೋಗಿ ನಿಂತಿದ್ದೆ. ಮೇಡಂ ಮೇಜಿನ ಮೇಲೆ ಚಿಪ್ಪುಗಳನ್ನು ಹರವಿ, ಭೂತಗನ್ನಡಿ ಹಿಡಿದು, ರೆಫರೆನ್ಸ್ ವಿಭಾಗದ ದಪ್ಪ ಪುಸ್ತಕದ ಚಿತ್ರಗಳ ಜೊತೆ ಒಂದೊಂದನ್ನೇ ಹೋಲಿಸಿದರು. ಬಿಳಿಯದಕ್ಕೆ ಲ್ಯಾಟಿನ್ ಹೆಸರು ಸಿಕ್ಕಿತು, ಮೆರೆಟ್ರಿಕ್ಸ್. ಅದನ್ನೂ ಕಾರ್ಡಿನ ಹೆಸರುಗಳ ಪಕ್ಕಕ್ಕೆ ಸೇರಿಸಿ ನನ್ನನ್ನು ಕಂಪ್ಯೂಟರಿನ ಎದುರು ಕುಳ್ಳಿರಿಸಿದರು. ಲ್ಯಾಟಿನ್ ಹೆಸರಿನ ಜೊತೆ ಅಳಿವೆ ಎಂಬುದರ ಇಂಗ್ಲಿಷ್ ಶಬ್ದ, ನಮ್ಮ ಕರಾವಳಿಯ ಹೆಸರು ಸೇರಿಸಿ ಒತ್ತಿದೆ. ಪುಟ ನಿಧಾನವಾಗಿ ಬಿಚ್ಚಿಕೊಂಡಿತು. ಒಂದು ಲೇಖನ ಕಂಡಿತು, ಬೇರೆ ಹೊಳೆಯದ್ದು, ಆದರೆ ಇದೇ ಜೀವಿ, ಇದೇ ಉಪ್ಪುನೀರು.

ನಾನು ಅದನ್ನು ಬರೆದುಕೊಂಡು, ಹಿಂದೆ ಹೋಗಿ ಬೇರೆ ಶಬ್ದ ಒತ್ತಲು ಹೊರಟೆ. ಮೇಡಂ ನನ್ನ ಕೈ ಹಿಡಿದರು.

“ಕಾಲು ಎತ್ತಬೇಡ.”

ಆ ಲೇಖನದ ಕೆಳಗೆ, ಅದನ್ನು ಮುಂದೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಒಂದು ಸಣ್ಣ ಸಾಲಿತ್ತು. ಅದನ್ನು ಒತ್ತಿಸಿದರು. ಅಲ್ಲಿ ಇನ್ನಷ್ಟು ಲೇಖನಗಳು. ಅವುಗಳ ಕೊನೆಯಲ್ಲಿರುವ ಆಧಾರಗಳ ಪಟ್ಟಿ ನೋಡಿಸಿದರು. ಅಲ್ಲಿ ಇನ್ನೂ ಹಳೆಯ ಲೇಖನಗಳು. ಅಮ್ಮ ಮರಳಿನಲ್ಲಿ ಮಾಡುತ್ತಿದ್ದುದನ್ನೇ ನಾವು ಪರದೆಯ ಮೇಲೆ ಮಾಡಿದೆವು. ಮಧ್ಯಾಹ್ನಕ್ಕೆ ಹತ್ತು ಲೇಖನ ದಾಟಿ ಇನ್ನೊಂದು ಕಾರ್ಡು ಬೇಕಾಯಿತು. ಕೆಲವಕ್ಕೆ ಸಾರಾಂಶ ಮಾತ್ರ ಕಾಣುತ್ತಿತ್ತು, ಒಳಗೆ ಹೋಗಲು ಬಿಡುತ್ತಿರಲಿಲ್ಲ. ಅಂಥವನ್ನು ಮಣಿಪಾಲದ ದೊಡ್ಡ ಲೈಬ್ರರಿಯಲ್ಲಿದ್ದ ಗೆಳತಿಗೆ ಫೋನ್ ಮಾಡಿ ವಿಚಾರಿಸಿದರು. ಅಲ್ಲೂ ಇಲ್ಲದ್ದಕ್ಕೆ ಬರೆದವರಿಗೇ ಈಮೇಲ್ ಕಳಿಸು, ಕೇಳಿದರೆ ಕೊಡುತ್ತಾರೆ ಎಂದರು. ನಾನು ನಂಬಲಿಲ್ಲ. ವಾರದೊಳಗೆ ಎಲ್ಲೋ ಸಮುದ್ರದಾಚೆಯ ಒಬ್ಬ ಪ್ರೊಫೆಸರು ಲೇಖನ ಕಳಿಸಿ, ನಿಮ್ಮ ಹೊಳೆಯ ಬಗ್ಗೆ ಗೊತ್ತಾದದ್ದನ್ನು ನನಗೂ ತಿಳಿಸಿ ಎಂದು ಬರೆದರು. ನಮ್ಮ ಹೊಳೆಯ ಬಗ್ಗೆ, ನನ್ನ ಹತ್ತಿರ!

ಆ ಸೋಮವಾರ ಮೊದಲ ಸಾಲನ್ನು ನಾನೇ ಹೊಡೆದುಹಾಕಿದೆ. ಸ್ವಲ್ಪ ಹೊಟ್ಟೆ ಉರಿಯಿತು. ಪ್ರಪಂಚದಲ್ಲಿ ಮೊದಲನೆಯವಳು ಆಗುವ ಅವಕಾಶ ತಪ್ಪಿತಲ್ಲ! ಆದರೆ ಆ ಲೇಖನಗಳನ್ನು ಓದುತ್ತಾ ಹೋದ ಹಾಗೆ ಎದೆ ಉಬ್ಬಿತು. ನಾನು ಬಚ್ಚಿಟ್ಟಿದ್ದ ಅಮ್ಮನ ಕೆಲಸದ ಮೇಲೆ ಎಲ್ಲೆಲ್ಲಿಯ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದರು. ನಾನು ಹುಡುಕಿದಷ್ಟರಲ್ಲಿ ನಮ್ಮ ಅಳಿವೆಯ ಬಗ್ಗೆ ಏನೂ ಕಂಡುಬಂದಿಲ್ಲ ಎಂದು ಹೊಸ ಸಾಲು ಬರೆದೆ. ‘ನಾನು ಹುಡುಕಿದಷ್ಟರಲ್ಲಿ’ ಎಂಬುದನ್ನು ಸೇರಿಸಲು ಹೇಳಿದ್ದು ಮೇಡಂ. ಗೈಡ್ ಸರ್ ಕಾಗದಗಳನ್ನು ಒಂದೊಂದಾಗಿ ತಿರುವಿ, ಹೊಡೆದುಹಾಕಿದ ಸಾಲನ್ನೂ ಓದಿ, ಸಹಿ ಹಾಕಿದರು. ಮರುದಿನ ತರಗತಿಯಲ್ಲಿ, ಮರುವಾಯಿ ಯಾಕೆ ಎಂದು ಯಾರೋ ಕೇಳಿದಾಗ, ನನ್ನ ಅಮ್ಮ ಮರುವಾಯಿ ಹೆಕ್ಕುತ್ತಾಳೆ ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ವರ್ಷಪೂರ್ತಿ ಅಳೆದು, ತೂಗಿ, ಬರೆದದ್ದರಲ್ಲಿ ಅಮ್ಮ ಹೇಳಿದ್ದೇ ಸರಿಯಾಯಿತು. ಆಮೇಲೆ ಅದನ್ನು ಒಂದು ಸಣ್ಣ ಸಂಶೋಧನಾ ಪತ್ರಿಕೆಗೆ ಕಳಿಸುವ ಹೊತ್ತಿನಲ್ಲಿ ಒಂದು ಜಗಳವಾಯಿತು. ಲೇಖನದ ಕೆಳಗೆ ಕೀವರ್ಡ್ ಕೊಡಬೇಕಲ್ಲ, ಅಂದರೆ ಹುಡುಕುವವರಿಗೆ ಸಿಗಲಿ ಎಂದು ಕೊಡುವ ನಾಲ್ಕೈದು ಶಬ್ದಗಳು. ಸರ್ ಲ್ಯಾಟಿನ್ ಹೆಸರುಗಳನ್ನು ಮಾತ್ರ ಹಾಕಿದ್ದರು. ಮೇಡಂ ಮರುವಾಯಿ ಎಂಬುದೂ ಇರಬೇಕೆಂದರು. ಅದು ಊರಿನ ಮಾತು, ಹೊರಗಿನವರಿಗೆ ಯಾರಿಗೆ ಬೇಕು ಎಂದು ಸರ್ ಕೇಳಿದರು. ಸ್ವರ ಎತ್ತದ ಮೇಡಂ ಆ ದಿನವೂ ಎತ್ತಲಿಲ್ಲ. ಸರ್ ಮೇಜಿನ ಹತ್ತಿರ ಹೋಗಿ ಸುಮ್ಮನೆ ನಿಂತರು. ಸರ್ ತಲೆ ಎತ್ತಿ ನೋಡಿದ ಮೇಲೆ ಹೇಳಿದರು.

“ಹೊರಗಿನವರಿಗೆ ಬೇಡ ಸರ್, ಊರಿನವರಿಗೆ ಬೇಕು. ಇವಳಿಗೆ ಸೊನ್ನೆ ಬಂತು. ನಾಳೆ ಇದೇ ಕಡಲ ಬದಿಯಿಂದ ಇನ್ನೊಬ್ಬಳು ಬರ್ತಾಳೆ, ಮನೆಯಲ್ಲಿ ಕೇಳಿದ ಹೆಸರನ್ನೇ ಒತ್ತುತ್ತಾಳೆ. ಅವಳಿಗೆ ಸೊನ್ನೆ ಬರಬಾರದು.”

ಮರುವಾಯಿ ಸೇರಿತು. ಕೃತಜ್ಞತೆಯ ಸಾಲಿನಲ್ಲಿ ಅಮ್ಮನ ಹೆಸರು, ಅದರ ಪಕ್ಕದಲ್ಲಿ ಮೇಡಂ ಹೆಸರು. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು, ಆದರೆ ತನ್ನ ಹೆಸರು ಯಾವ ಪುಟದ ಯಾವ ಮೂಲೆಯಲ್ಲಿ ಉಂಟು ಎಂದು ಸರಿಯಾಗಿ ಗೊತ್ತು. ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ. ಇತ್ತ ಮೇಡಂ, ಲೈಬ್ರರಿಗೆ ಬರುವ ಪ್ರತಿ ಹೊಸ ಬ್ಯಾಚಿಗೂ ಲೇಖನ ಹುಡುಕುವುದನ್ನು ಕಲಿಸುವಾಗ, ಒಂದು ಸಿಕ್ಕಿದ ಕಡೆ ಕಾಲು ಎತ್ತಬಾರದು ಎಂದು ಹೇಳಿ, ಇದು ನನ್ನ ಮಾತಲ್ಲ, ಕಾಪುವಿನ ಒಬ್ಬ ಮರುವಾಯಿ ಹೆಕ್ಕುವ ಅಮ್ಮನ ಮಾತು ಎನ್ನುತ್ತಿದ್ದರಂತೆ.

ಅಂತೆ ಎಂದೇ ಬರೆಯಬೇಕು. ನಾನು ಕೇಳಲು ಹೋಗಲಿಲ್ಲ. ಕೆಲಸ ಸಿಕ್ಕಿತು, ಮದುವೆ, ಮಕ್ಕಳು, ಕಾರ್ಕಳ. ದೀಪಾವಳಿಗೆ ಫೋನ್ ಮಾಡುತ್ತಿದ್ದೆ, ಆಮೇಲೆ ಅದೂ ಮೆಸೇಜಾಯಿತು. ಮೇಡಂ ನಿವೃತ್ತರಾಗಿ ಎಲ್ಲೂರಿಗೆ ಹೋದರೆಂದು ತಿಳಿದಾಗ, ಅಮ್ಮನನ್ನು ಕರೆದುಕೊಂಡು ಒಂದು ಭಾನುವಾರ ಹೋಗಬೇಕೆಂದುಕೊಂಡೆ. ಎಷ್ಟು ಭಾನುವಾರಗಳು ಹೋದವು... ಹೋದ ವರ್ಷ ಹಳೆ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಅವರ ಫೋಟೋ ಬಂತು. ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ನಾನು ನೋಡುವಾಗ ಮೂರು ದಿನ ಕಳೆದಿತ್ತು. ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಆ ದಿನ ಅವಳು ನೀರಿಗಿಳಿಯಲಿಲ್ಲ.

ಕಾರ್ಡು ಸಿಕ್ಕಿದ ಮರುದಿನ ನಮ್ಮ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಪ್ರಾಜೆಕ್ಟಿನ ವಿಷಯ ಕೇಳಿಕೊಂಡು ಬಂದಳು. ಕಾಪುವಿನ ಕಡೆಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ನನ್ನ ಅಜ್ಜಿ ಮರುವಾಯಿ ಹೆಕ್ಕುತ್ತಿದ್ದರು ಮೇಡಂ, ಅದರ ಮೇಲೆ ಮಾಡಬಹುದಾ ಎಂದು ಕೇಳಿದಳು. ಅತ್ತಿತ್ತ ನೋಡಲಿಲ್ಲ, ಸ್ವರ ತಗ್ಗಿಸಲಿಲ್ಲ. ನಾನು ಉತ್ತರ ಕೊಡುವ ಮೊದಲೇ ಮೊಬೈಲು ತೆಗೆದು ಅದೇ ಶಬ್ದ ಒತ್ತಿದಳು. ನಾನು ಕುರ್ಚಿಯಿಂದ ಮುಂದಕ್ಕೆ ಬಾಗಿದೆ.

“ಮೇಡಂ, ಮೊದಲನೆಯದರಲ್ಲೇ ನಿಮ್ಮ ಹೆಸರು ಉಂಟು,” ಎಂದಳು. “ಕೆಳಗೆ ಇನ್ನೂ ಇವೆ.”

ಮೇಜಿನ ಮೇಲಿದ್ದ ಕಾರ್ಡನ್ನು ಅವಳ ಮುಂದೆ ಸರಿಸಿದೆ. ಕೊನೆಯ ಸಾಲನ್ನು ಅವಳು ಗಟ್ಟಿಯಾಗಿ ಓದಿ, ಇದು ಯಾರ ಅಕ್ಷರ ಎಂದು ಕೇಳಿದಳು. ನಮ್ಮ ಲೈಬ್ರರಿ ಮೇಡಂ ಅವರದ್ದು ಎಂದೆ. ಈಗ ಎಲ್ಲಿದ್ದಾರೆ ಎಂದಳು. ಹೋದ ವರ್ಷ ತೀರಿಕೊಂಡರು ಎಂದೆ. ಅವರ ನಂಬರು ಇನ್ನೂ ನನ್ನ ಫೋನಿನಲ್ಲಿದೆ. ಆ ಹುಡುಗಿ ಹೋದ ಮೇಲೆ ಅದನ್ನು ತೆಗೆದು ನೋಡಿದೆ. ಹೇಳಬೇಕಾದದ್ದು ಇಷ್ಟೇ ಇತ್ತು. ಅವಳು ಬಂದಳು ಮೇಡಂ, ಅವಳಿಗೆ ಸೊನ್ನೆ ಬರಲಿಲ್ಲ.